ಮೈಗೆ ಆಗಿಬರದ ವಸ್ತುಗಳು

“ಅದು ನನ್ನ ಮೈಗೆ ಆಗಿಬರದು” ಎಂಬ ಮಾತು ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ದಿನಬಳಕೆಯದು. ಒಬ್ಬರಿಗೆ ಬದನೆಕಾಯಿ ಆಗಿಬರದು. ಇನ್ನೊಬ್ಬರಿಗೆ ಹೊಸ ಚಪ್ಪಲಿಯ ಪಟ್ಟಿ ಆಗಿಬರದು. ಮತ್ತೊಬ್ಬಾಕೆಗೆ ಸಂತೆಯಿಂದ ತಂದ ಕುಂಕುಮವೇ ಆಗಿಬರದು. ಅದೇ ಬದನೆಕಾಯಿಯನ್ನು ಮನೆಮಂದಿಯೆಲ್ಲ ಉಂಡು ಸುಖವಾಗಿರುತ್ತಾರೆ, ಅದೇ ಕುಂಕುಮವನ್ನು ಓಣಿಯ ಹೆಣ್ಣುಮಕ್ಕಳೆಲ್ಲ ಇಟ್ಟುಕೊಂಡು ನಗುತ್ತಿರುತ್ತಾರೆ. ದೋಷ ವಸ್ತುವಿನಲ್ಲಿದೆಯೋ ಮೈಯಲ್ಲಿದೆಯೋ ಎಂದು ಕೇಳಿದರೆ, ಎರಡೂ ಕೂಡಿದಲ್ಲಿದೆ ಎಂಬುದೇ ಉತ್ತರ. 1906ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬಾತ ಗ್ರೀಕ್ ಭಾಷೆಯ ಎರಡು ಶಬ್ದಗಳನ್ನು ಸಂಧಿಮಾಡಿ ‘ಅಲರ್ಜಿ’ ಎಂಬ ಪದವನ್ನು ಕಟ್ಟಿದನು. ಬೇರೊಂದು ಬಗೆಯಾಗಿ ನಡೆದುಕೊಳ್ಳುವುದು ಎಂಬುದು ಅದರ ತಾತ್ಪರ್ಯ. ಗ್ರೀಕ್ ಅರಿಯದ ನಮ್ಮ ರೈತನ ‘ಆಗಿಬರದು’ ಎಂಬ ಮಾತಿನಲ್ಲಿ ಅದೇ ಭಾವ ಅಡಗಿದೆ. ಆಗುವುದು ಬೇರೆ, ಆಗಿಬರುವುದು ಬೇರೆ ಎಂಬ ಸೂಕ್ಷ್ಮವನ್ನು ಬಲ್ಲ ಭಾಷೆ ನಮ್ಮದು.

ಈ ಆಗಿಬರದಿಕೆ ಚರ್ಮದ ಮೇಲೆ ತೋರಿದಾಗ ಅದಕ್ಕೆ ಇಸಬು ಎನ್ನುತ್ತೇವೆ. ಮೊದಲು ನವೆ, ಬಳಿಕ ಕೆಂಪು, ಆಮೇಲೆ ಸಾಸಿವೆಯಂಥ ನೀರುಗುಳ್ಳೆಗಳು, ಅವು ಒಡೆದು ರಸಿಕೆ, ಹಳತಾದರೆ ಚರ್ಮ ದಪ್ಪವಾಗಿ, ಕಪ್ಪಾಗಿ, ಆನೆಯ ಚರ್ಮದಂತೆ ಒರಟಾಗುತ್ತದೆ. ಇಸಬುಗಳಲ್ಲಿ ಹಲವು ಜಾತಿಗಳುಂಟು. ಹೊರಗಿನ ಯಾವುದೋ ಪದಾರ್ಥ ಚರ್ಮಕ್ಕೆ ತಾಕಿದ್ದರಿಂದ ಬರುವ ಇಸಬು ಮಾತ್ರ ಪ್ರಕೃತ ನಮ್ಮ ವಿಷಯ.

ಅದರಲ್ಲಿಯೂ ಎರಡು ಬಗೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು, ಬರಿಯ ಉರಿಯಿಂದಾದದ್ದು. ಚಳ್ಳಕೆರೆಯ ಕುರಿಕಂಬಳಿಯನ್ನು ಬರಿಮೈಗೆ ಹೊದ್ದುಕೊಂಡರೆ ಯಾರಿಗಾದರೂ ಚುಚ್ಚುತ್ತದೆ. ಉಣ್ಣೆಯ ಎಳೆ ಒರಟು, ಅಷ್ಟೇ ಕಾರಣ. ರೇಷ್ಮೆಯ ಅಂಟು ಬಿಡಿಸಲು ಸೋಡ ಸಾಬೂನುಗಳ ಬಿಸಿನೀರಿನಲ್ಲಿ ದಿನವೆಲ್ಲ ಕೈಯಾಡಿಸುವವರ ಬೆರಳು ಬಿರಿಯುವುದೂ ಇದೇ ಬಗೆ. ಸೋಡ ಹೆಚ್ಚಾದರೆ ಎಲ್ಲರ ಕೈಯೂ ಬಿರಿಯುತ್ತದೆ, ಕಡಿಮೆಯಾದರೆ ಯಾರದೂ ಬಿರಿಯದು. ಎರಡನೆಯದು ಅಲರ್ಜಿಯ ಇಸಬು. ಇದು ಎಲ್ಲರನ್ನೂ ಹಿಡಿಯದು, ಹಿಡಿದವರನ್ನು ಬಿಡದು. ಒಂದು ಸಾರಿ ಮೈಗೆ ಆಗಿಬರದೆಂದು ಗೊತ್ತಾದ ವಸ್ತು ತರುವಾಯ ಎಳ್ಳಿನಷ್ಟು ತಾಕಿದರೂ ಸಾಕು, ಒಂದೆರಡು ದಿನಗಳಲ್ಲಿ ಇಸಬು ಏಳುತ್ತದೆ. ಮೊದಲನೆಯದು ವಸ್ತುವಿನ ಪ್ರಮಾಣದ ಲೆಕ್ಕ. ಎರಡನೆಯದು ಶರೀರದ ನೆನಪಿನ ಲೆಕ್ಕ.

ನಮ್ಮ ಹಿರಿಯರಿಗೆ ಪರಿಚಿತವಾಗಿದ್ದ ಉದಾಹರಣೆಯೊಂದನ್ನು ನೋಡೋಣ. ಹಿಂದೆ ಮಡಿವಾಳರು ಯಾರ ಮನೆಯ ಬಟ್ಟೆ ಯಾವುದೆಂದು ತಿಳಿಯಲು ಗೇರುಬೀಜದ ರಸದಿಂದ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಇದು ನಾವು ತಿನ್ನುವ ಗೋಡಂಬಿಯಲ್ಲ, ಅದರ ದಾಯಾದಿಯಾದ ಕಾಡುಗೇರು, ಸಂಸ್ಕೃತದಲ್ಲಿ ಭಲ್ಲಾತಕ. ಎಷ್ಟು ಒಗೆದರೂ ಹೋಗದ ಕಪ್ಪುಮಸಿ ಅದು. ಅಮರಕೋಶಕಾರ ಈ ಮರಕ್ಕೆ ಅರುಷ್ಕರ, ಅಗ್ನಿಮುಖೀ ಎಂಬ ಹೆಸರುಗಳನ್ನೂ ಹೇಳಿದ್ದಾನೆ. ಅರುಸ್ ಎಂದರೆ ಹುಣ್ಣು. ಹುಣ್ಣನ್ನು ಮಾಡುವುದು ಅರುಷ್ಕರ. ಹೆಸರಿನಲ್ಲಿಯೇ ರೋಗದ ಕಾರಣವನ್ನು ಬರೆದಿಟ್ಟಂತಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಕುತ್ತಿಗೆಯ ಹಿಂಭಾಗದಲ್ಲಿ, ಸೊಂಟದಲ್ಲಿ, ಅಂಗಿ ಷರಾಯಿಗಳ ಗುರುತು ತಾಗುವ ಸ್ಥಳದಲ್ಲಿಯೇ ಗುಳ್ಳೆಗಳೆದ್ದವು. ಅವರ ವೈದ್ಯರು 1943ರಲ್ಲಿ ಇದನ್ನು ‘ದೋಬಿ ಗುರುತಿನ ಚರ್ಮದುರಿ’ ಎಂದು ವರ್ಣಿಸಿ ಪ್ರಕಟಿಸಿದರು. ಅಮೆರಿಕದಲ್ಲಿ ‘ವಿಷದ ಐವಿ’ ಎಂಬ ಬಳ್ಳಿಯುಂಟು. ಅದರ ರಸವೂ ನಮ್ಮ ಗೇರಿನ ರಸವೂ ರಾಸಾಯನಿಕವಾಗಿ ಒಂದೇ ಬಳಗದವು. ತಮ್ಮ ಊರಿನ ಬಳ್ಳಿಗೆ ಮೊದಲೇ ಮುನಿದಿದ್ದ ಮೈ ನಮ್ಮೂರಿನ ಗೇರನ್ನೂ ಗುರುತು ಹಿಡಿಯಬಲ್ಲುದು.

ಗೇರು ಪ್ರಬಲವಾದ ಅಲರ್ಜಿಕಾರಕ. ಅದು ಮಾಡುವ ಹಾನಿ ಕಣ್ಣಿಗೆ ಕಾಣುವುದರಿಂದ ಹೆಸರಿಟ್ಟವರೂ ಎಚ್ಚರವಾಗಿದ್ದರು, ಬಳಸುವವರೂ ಎಚ್ಚರವಾಗಿದ್ದರು. ಇನ್ನು ನಮ್ಮ ಕಾಲದ ಶತ್ರು ಬೇರೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯ ಇಕ್ಕೆಲ, ಶೇಂಗಾ ಹೊಲದ ಬದು, ಶಾಲೆಯ ಅಂಗಳ, ರೈಲುಹಾದಿಯ ಮಗ್ಗುಲು, ಎಲ್ಲಿ ಮಳೆ ನಾಲ್ಕು ಹನಿ ಬಿದ್ದರೆ ಅಲ್ಲಿ ಬಿಳಿಯ ಹೂವಿನ ಗಿಡ ತಲೆಯೆತ್ತುತ್ತದೆ. ಶಾಸ್ತ್ರಜ್ಞರು ಪಾರ್ಥೇನಿಯಂ ಎನ್ನುವ ಇದನ್ನು ನಾವು ಕಾಂಗ್ರೆಸ್ ಗಿಡ ಎನ್ನುತ್ತೇವೆ. ಅಮೆರಿಕ ಖಂಡದ ಈ ಕಳೆ 1950ರ ದಶಕದ ನಡುವೆ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದಿತು. 1968ರಲ್ಲಿ ಅಲ್ಲಿಯ ವೈದ್ಯರು ಇದರಿಂದ ಇಸಬು ಬರುವುದನ್ನು ವರದಿ ಮಾಡಿದರು. ಅಷ್ಟರಲ್ಲಿ ಅದು ಮೈಸೂರು ರಾಜ್ಯವನ್ನೂ ಹೊಕ್ಕು ಹಬ್ಬತೊಡಗಿತ್ತು.

ಗಿಡದ ಎಲೆ ಕಾಂಡಗಳ ಮೇಲಿನ ನವುರಾದ ರೋಮಗಳಲ್ಲಿ ಪಾರ್ಥೆನಿನ್ ಎಂಬ ಪದಾರ್ಥವಿದೆ. ಗಿಡ ಒಣಗಿದಾಗ ಈ ರೋಮಗಳೂ ಪುಡಿಯಾದ ಎಲೆಯೂ ಗಾಳಿಯಲ್ಲಿ ಹಾರಾಡುತ್ತವೆ. ಆದಕಾರಣ ಗಿಡವನ್ನು ಮುಟ್ಟದವರಿಗೂ ಅದು ಮುಟ್ಟುತ್ತದೆ. ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಸಂದು, ಹೀಗೆ ಬಟ್ಟೆ ಮುಚ್ಚದ ಜಾಗಗಳಲ್ಲಿ ಇಸಬು ಕೂಡುತ್ತದೆ. ವರ್ಷಾನುಗಟ್ಟಲೆ ಹೊಲದಲ್ಲಿ ದುಡಿದ ನಡುವಯಸ್ಸಿನ ಗಂಡಸರಲ್ಲಿ ಇದು ಹೆಚ್ಚು. ಹತ್ತು ವರ್ಷ ಏನೂ ಆಗದೆ ಹನ್ನೊಂದನೆಯ ವರ್ಷ ಮುಖ ಊದಿಕೊಂಡಾಗ, “ಇಷ್ಟು ದಿನ ಇಲ್ಲದ್ದು ಈಗೇಕೆ?” ಎಂದು ರೈತ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಹೇಳಿದವು ಮೂಕಪ್ರಾಣಿಗಳು.

ಪ್ರಾಣಿಗಳ ಮೊದಲ ಸಾಕ್ಷ್ಯ ನಮ್ಮ ನಾಡಿನದೇ. ಕಾಂಗ್ರೆಸ್ ಗಿಡವನ್ನು ದನ ಎಮ್ಮೆಗಳು ಸಾಮಾನ್ಯವಾಗಿ ಮೂಸಿ ಬಿಡುತ್ತವೆ. ಆದರೆ ಬರಗಾಲದಲ್ಲಿ ಹಸಿದ ಹೊಟ್ಟೆಗೆ ವಿವೇಕವೆಲ್ಲಿಯದು? ಕರ್ನಾಟಕದ ಸಂಶೋಧಕರು ದನ ಎಮ್ಮೆಗಳ ಮೇವಿನಲ್ಲಿ ಈ ಗಿಡವನ್ನು ಕೊಟ್ಟು ಪರೀಕ್ಷಿಸಿ 1977ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳಲ್ಲಿ ಚರ್ಮದ ಉರಿಯೂತವೂ ವಿಷದ ಲಕ್ಷಣಗಳೂ ಕಾಣಿಸಿಕೊಂಡವು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಅವರೂ ಸಂಗಡಿಗರೂ ಈ ಗಿಡದ ಸಂಪರ್ಕಕ್ಕೆ ಬಂದ ಜನರನ್ನು ಪರೀಕ್ಷಿಸಿದ ವರದಿಯೂ ಹೊರಬಂತು. ಆ ಸಂಸ್ಥೆಯ ಎರಡನೆಯ ಆವರಣ ಈಗ ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲಿಯೇ ಇದೆ.

ದನಕ್ಕೆ ಮೇವಾಗಿ ಕೊಟ್ಟು ನೋಡುವುದು ಒಂದು ಬಗೆ. ಚರ್ಮದ ಅಲರ್ಜಿಯನ್ನು ಕ್ರಮವಾಗಿ ಅಳೆಯಲು ಬಂದ ಪ್ರಾಣಿ ಗಿನಿಹಂದಿ. ಹೆಸರು ನಂಬಬೇಡಿ, ಅದು ಗಿನಿ ದೇಶದ್ದೂ ಅಲ್ಲ, ಹಂದಿಯೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆಯ ಜನ ಮನೆಯಲ್ಲಿ ಸಾಕುತ್ತ ಬಂದ, ಇಲಿ ಅಳಿಲುಗಳ ವರ್ಗದ ಸಾಧುಪ್ರಾಣಿ. ಅದರ ಚರ್ಮ ಅಲರ್ಜಿಯಲ್ಲಿ ಮನುಷ್ಯನ ಚರ್ಮದಂತೆಯೇ ಕೆಂಪೇರಿ ಊದಿಕೊಳ್ಳುತ್ತದೆ. ಈ ಗುಣವೇ ಅದಕ್ಕೆ ಶಾಪವಾಯಿತು, ನಮಗೆ ವರವಾಯಿತು.

ಕಥೆಯ ಮೊದಲ ಮೆಟ್ಟಿಲು ಮನುಷ್ಯನ ಬೆನ್ನೇ. 1895ರಲ್ಲಿ ಗ್ರಾಟ್ಸ್ ನಗರದ ಸಮ್ಮೇಳನದಲ್ಲಿ ಯೋಸೆಫ್ ಯಾಡಾಸ್ಸೋನ್ ಎಂಬ ಚರ್ಮವೈದ್ಯ, ಪಾದರಸದ ಮುಲಾಮು ಆಗಿಬರದವನ ಚರ್ಮಕ್ಕೆ ಅದೇ ಮುಲಾಮಿನ ಪಟ್ಟಿಯನ್ನು ಅಂಟಿಸಿ ಇಸಬನ್ನು ಮತ್ತೆ ಬರಿಸಿ ತೋರಿಸಿದನು. ಇಂದಿಗೂ ಚರ್ಮವೈದ್ಯರು ಮಾಡುವ ‘ಪ್ಯಾಚ್ ಪರೀಕ್ಷೆ’ಯ ಮೂಲ ಇದು. ತರುವಾಯ ಜ್ಯೂರಿಕ್‌ನ ಬ್ರೂನೋ ಬ್ಲಾಖ್, ಪ್ರಿಮುಲಾ ಎಂಬ ಹೂಗಿಡದ ಸಾರದಿಂದ ಮನುಷ್ಯರಲ್ಲಿಯೂ ಗಿನಿಹಂದಿಗಳಲ್ಲಿಯೂ ಅಲರ್ಜಿಯನ್ನು ಬೇಕೆಂದೇ ಉಂಟುಮಾಡಬಹುದೆಂದು ತೋರಿಸಿದನು. 1935ರಲ್ಲಿ ನ್ಯೂಯಾರ್ಕಿನ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಜಾನ್ ಜೇಕಬ್ಸ್ ಅವರು ಡೈನೈಟ್ರೊಕ್ಲೋರೊಬೆಂಜೀನ್ ಮೊದಲಾದ ಸರಳ ರಾಸಾಯನಿಕಗಳಿಂದ ಗಿನಿಹಂದಿಗಳಲ್ಲಿ ಅದನ್ನೇ ಸಾಧಿಸಿದರು. ರಕ್ತದ ಗುಂಪುಗಳನ್ನು ಕಂಡುಹಿಡಿದು 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಲ್ಯಾಂಡ್‌ಸ್ಟೈನರ್ ಇವನೇ.

1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಮೆರಿಲ್ ಚೇಸ್ ಮಾಡಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಹೂಧೂಳಿನ ಸೀನು, ದದ್ದು ಮುಂತಾದ ತಕ್ಷಣದ ಅಲರ್ಜಿಗಳನ್ನು ರಕ್ತದ ತಿಳಿನೀರಿನ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದೆಂದು 1921ರಲ್ಲಿಯೇ ಗೊತ್ತಾಗಿತ್ತು. ಆದರೆ ಚರ್ಮದ ಈ ನಿಧಾನದ ಅಲರ್ಜಿ ತಿಳಿನೀರಿನಿಂದ ದಾಟಲಿಲ್ಲ. ಅಲರ್ಜಿಯುಳ್ಳ ಗಿನಿಹಂದಿಯ ಜೀವಂತ ಕಣಗಳನ್ನು ಮತ್ತೊಂದಕ್ಕೆ ಕೊಟ್ಟಾಗ ಮಾತ್ರ ದಾಟಿತು. ನೆನಪು ಇರುವುದು ರಕ್ತದ ನೀರಿನಲ್ಲಲ್ಲ, ಬಿಳಿಯ ಕಣಗಳಲ್ಲಿ ಎಂದು ಹೀಗೆ ಸಿದ್ಧವಾಯಿತು.

ಈ ಪ್ರಯೋಗಗಳ ಬೆಳಕಿನಲ್ಲಿ ಇಸಬಿನ ಹುಟ್ಟನ್ನು ಈಗ ಹೀಗೆ ವಿವರಿಸುತ್ತಾರೆ. ಅಲರ್ಜಿಕಾರಕ ವಸ್ತುವಿನ ಕಣ ಬಹು ಚಿಕ್ಕದು. ಚರ್ಮದ ಮೇಲ್ಪದರವನ್ನು ನುಸುಳಿ ಒಳಗಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಒಂಟಿಯಾಗಿ ಬಂದ ಪರಕೀಯನನ್ನು ಯಾರೂ ಲೆಕ್ಕಿಸರು. ಮನೆಯವರ ಹೆಗಲ ಮೇಲೆ ಕೈಹಾಕಿದಾಗ ಕಾವಲುಗಾರನಿಗೆ ಅನುಮಾನ ಹುಟ್ಟುತ್ತದೆ. ಚರ್ಮದಲ್ಲಿ ಅಂಥ ಕಾವಲುಗಾರ ಕಣಗಳುಂಟು. 1868ರಲ್ಲಿ ಅವನ್ನು ಮೊದಲು ಕಂಡ ಲಾಂಗರ್‌ಹಾನ್ಸನ ಹೆಸರನ್ನೇ ಅವುಗಳಿಗೆ ಇಟ್ಟಿದ್ದಾರೆ. ಅವು ಈ ಜೋಡಿಯನ್ನು ಹಿಡಿದು ಕಂಕುಳು, ಕುತ್ತಿಗೆ ಮುಂತಾದೆಡೆ ಇರುವ ದುಗ್ಧಗ್ರಂಥಿಗಳಿಗೆ ಒಯ್ದು ತೋರಿಸುತ್ತವೆ. ಅಲ್ಲಿ ಆ ವಸ್ತುವನ್ನು ಗುರುತಿಸಬಲ್ಲ ‘ಟಿ’ ಕಣಗಳು ಒಂದಕ್ಕೆ ಹತ್ತಾಗಿ, ಹತ್ತಕ್ಕೆ ನೂರಾಗಿ ಬೆಳೆಯುತ್ತವೆ. ಇದಕ್ಕೆ ಸುಮಾರು ಹತ್ತರಿಂದ ಹದಿನೈದು ದಿನ ಬೇಕು. ಅಷ್ಟರವರೆಗೆ ಹೊರಗೆ ಏನೂ ಕಾಣದು. ಮುಂದೆ ಅದೇ ವಸ್ತು ಇನ್ನೊಮ್ಮೆ ತಾಕಿದರೆ, ಕಾದಿದ್ದ ಕಣಗಳು ಆ ಸ್ಥಳಕ್ಕೆ ಮುತ್ತಿ ಒಂದೆರಡು ದಿನಗಳಲ್ಲಿ ಇಸಬನ್ನು ಎಬ್ಬಿಸುತ್ತವೆ. ರೈತನ ಪ್ರಶ್ನೆಗೆ ಇದೇ ಉತ್ತರ. ಹತ್ತು ವರ್ಷ ಕಾವಲುಗಾರನಿಗೆ ಅನುಮಾನ ಬರದಿದ್ದುದು ನಿಜ. ಒಮ್ಮೆ ಬಂದ ಮೇಲೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ.

ಪಾರ್ಥೆನಿನ್ ವಿಷಯದಲ್ಲಿಯೂ ಗಿನಿಹಂದಿ ಒಂದು ಉಪಯುಕ್ತ ಸಂಗತಿಯನ್ನು ತಿಳಿಸಿತು. 1982ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಾರ್ಥೆನಿನ್‌ಗೆ ಅಲರ್ಜಿ ಬರಿಸಿದ ಗಿನಿಹಂದಿಗಳ ಚರ್ಮ ಅದರ ಹತ್ತಿರದ ಬಳಗದ ಕೆಲವು ಪದಾರ್ಥಗಳಿಗೂ ಕೆಂಪೇರಿತು. ಕಾಂಗ್ರೆಸ್ ಗಿಡವೂ ಸೇವಂತಿಗೆ, ಸೂರ್ಯಕಾಂತಿಗಳೂ ಒಂದೇ ಕುಟುಂಬದ ಸಸ್ಯಗಳು. ಕಳೆಗೆ ಮುನಿದ ಮೈ ಸೇವಂತಿಗೆಗೂ ಮುನಿಯುವುದುಂಟು. ನಮ್ಮ ಜಿಲ್ಲೆಯಲ್ಲಿ ಸೇವಂತಿಗೆ ಬೆಳೆದು ಮಾರುವವರು ಇದನ್ನು ನೆನಪಿಡಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಲವಾದ ವಸ್ತುಗಳ ಮಾತು. ನಿಜವಾದ ಕಷ್ಟ ದುರ್ಬಲ ಅಲರ್ಜಿಕಾರಕಗಳದು. ಒಂದು ಹೊಸ ಸಾಬೂನಿನ ಸುಗಂಧ ಸಾವಿರ ಜನರಲ್ಲಿ ಒಬ್ಬರಿಗೆ ಮಾತ್ರ ಆಗಿಬರದು ಎಂದು ಇಟ್ಟುಕೊಳ್ಳಿ. ಅದನ್ನು 20 ಗಿನಿಹಂದಿಗಳ ಮೇಲೆ ಇದ್ದಕ್ಕಿದ್ದಂತೆ ಪರೀಕ್ಷಿಸಿದರೆ, ನೂರು ಬಾರಿ ಪ್ರಯೋಗ ನಡೆಸಿದರೂ ತೊಂಬತ್ತೆಂಟು ಬಾರಿ ಏನೂ ಕಾಣಿಸದು. ‘ನಿರಪಾಯ’ ಎಂಬ ಮುದ್ರೆ ಬೀಳುತ್ತದೆ. ಆ ಸಾಬೂನನ್ನು ಒಂದು ಕೋಟಿ ಜನ ಬಳಸಿದರೆ ಹತ್ತು ಸಾವಿರ ಮಂದಿಗೆ ಇಸಬು ಹತ್ತುತ್ತದೆ. ಇಪ್ಪತ್ತು ಪ್ರಾಣಿಗಳ ಮೌನದಿಂದ ಹತ್ತು ಸಾವಿರ ಜನರ ಗೋಳನ್ನು ಊಹಿಸುವುದು ಹೇಗೆ? ಈ ಶಾಸ್ತ್ರದ ಮುಖ್ಯ ಸಮಸ್ಯೆ ಇದೇ.

ಪರಿಹಾರಕ್ಕಾಗಿ ಎರಡು ದಾರಿಗಳನ್ನು ಹುಡುಕಿದರು. 1965ರಲ್ಲಿ ಬ್ಯೂಲರ್ ಎಂಬಾತ ವಸ್ತುವನ್ನು ಗಿನಿಹಂದಿಯ ಬೋಳಿಸಿದ ಚರ್ಮದ ಮೇಲಿಟ್ಟು ಗಾಳಿಯಾಡದಂತೆ ಬಿಗಿಯಾಗಿ ಮುಚ್ಚುವ ವಿಧಾನವನ್ನು ತಂದನು. ಮುಚ್ಚಿದ ಚರ್ಮ ಬೆವತು ಮೆತ್ತಗಾಗಿ ವಸ್ತು ಒಳಗಿಳಿಯುವುದು ಸುಲಭ. ಕೈಗವಸಿನೊಳಗೆ, ಚಪ್ಪಲಿಯ ಪಟ್ಟಿಯಡಿ, ಗಡಿಯಾರದ ಬೆಲ್ಟಿನ ಕೆಳಗೆ ಇಸಬು ಹೆಚ್ಚಾಗುವುದಕ್ಕೂ ಇದೇ ಕಾರಣ. 1969ರಲ್ಲಿ ಮ್ಯಾಗ್ನುಸನ್ ಮತ್ತು ಕ್ಲಿಗ್‌ಮನ್ ಇನ್ನೂ ಕಠಿಣವಾದ ‘ಮಹತ್ತಮ ಪರೀಕ್ಷೆ’ಯನ್ನು ರೂಪಿಸಿದರು. ವಸ್ತುವಿನೊಡನೆ ಫ್ರಾಯಿಂಡ್‌ನ ಉದ್ದೀಪಕ ಎಂಬ ಮಿಶ್ರಣವನ್ನು ಭುಜದ ಬಳಿ ಚರ್ಮದೊಳಕ್ಕೆ ಸೂಜಿಯಿಂದ ಕೊಡುತ್ತಾರೆ. ಎಣ್ಣೆಯಲ್ಲಿ ಸತ್ತ ಕ್ಷಯಾಣುಗಳನ್ನು ಬೆರೆಸಿದ ಆ ಮಿಶ್ರಣ ಶರೀರದ ಕಾವಲು ಪಡೆಯನ್ನೆಲ್ಲ ಎಚ್ಚರಿಸುತ್ತದೆ. ಒಂದು ವಾರದ ಬಳಿಕ ಅದೇ ಜಾಗಕ್ಕೆ 48 ಗಂಟೆಗಳ ಪಟ್ಟಿ. ಮತ್ತೆ ಎರಡು ವಾರ ಬಿಟ್ಟು ಪಕ್ಕೆಯ ಮೇಲೆ 24 ಗಂಟೆಗಳ ಪಟ್ಟಿ ಕಟ್ಟಿ, ಕೆಂಪೇರಿತೇ ಎಂದು ನೋಡುತ್ತಾರೆ. ನೂರಕ್ಕೆ 8ರವರೆಗಿನ ಪ್ರಾಣಿಗಳು ಕೆಂಪೇರಿದರೆ ವಸ್ತು ದುರ್ಬಲ; 9ರಿಂದ 28 ಸೌಮ್ಯ; 29ರಿಂದ 64 ಮಧ್ಯಮ; 65ರಿಂದ 80 ಪ್ರಬಲ; ಅದಕ್ಕೂ ಮೀರಿದರೆ ಅತಿಪ್ರಬಲ.

ದುರ್ಬಲ ವಸ್ತುವಿನ ಪಿಸುಮಾತನ್ನು ಕೇಳಿಸುವಂತೆ ದೊಡ್ಡದು ಮಾಡುವ ಉಪಾಯ ಇದು. ಆದರೆ ದನಿಯನ್ನು ದೊಡ್ಡದು ಮಾಡುವ ಯಂತ್ರ ಗೊರಗೊರ ಶಬ್ದವನ್ನೂ ದೊಡ್ಡದು ಮಾಡುತ್ತದೆಯಷ್ಟೆ! ಉದ್ದೀಪಕದಿಂದ ಕೆರಳಿದ ಚರ್ಮ ಬರಿಯ ಉರಿಗೂ ಕೆಂಪಾಗಬಹುದು. ಅಲ್ಲದೆ ಕೆಂಪು ಎಷ್ಟೆಂಬುದನ್ನು ನೋಡುವವನ ಕಣ್ಣು ನಿರ್ಧರಿಸಬೇಕು. ಕಣ್ಣಿಂದ ಕಣ್ಣಿಗೆ ವ್ಯತ್ಯಾಸ ಬಂದೇ ಬರುತ್ತದೆ.

ಆದ್ದರಿಂದ 1980ರ ದಶಕದಲ್ಲಿ ಇಂಗ್ಲೆಂಡಿನ ಇಯಾನ್ ಕಿಂಬರ್ ಮತ್ತು ಸಂಗಡಿಗರು ಬಿಳಿಯಿಲಿಯ ಕಡೆಗೆ ತಿರುಗಿದರು. ಚರ್ಮ ಕೆಂಪೇರುವವರೆಗೆ ಕಾಯುವುದೇಕೆ? ದುಗ್ಧಗ್ರಂಥಿಯಲ್ಲಿ ‘ಟಿ’ ಕಣಗಳು ಬೆಳೆಯುವುದನ್ನೇ ಎಣಿಸಬಹುದಲ್ಲ! ಇಲಿಯ ಕಿವಿಯ ಹಿಂಬದಿಗೆ ಮೂರು ದಿನ ವಸ್ತುವನ್ನು ಸವರುತ್ತಾರೆ. ಆರನೆಯ ದಿನ ವಿಕಿರಣದ ಗುರುತುಳ್ಳ ಪದಾರ್ಥವೊಂದನ್ನು ಕೊಟ್ಟು, ಇಲಿಯನ್ನು ಕೊಂದು, ಕಿವಿಯ ಬಳಿಯ ಗ್ರಂಥಿಯಲ್ಲಿ ಕಣಗಳು ಎಷ್ಟು ಪಟ್ಟು ಹೆಚ್ಚಿದವೆಂದು ಯಂತ್ರದಿಂದ ಅಳೆಯುತ್ತಾರೆ. ಬೆಳವಣಿಗೆ ಮೂರು ಪಟ್ಟಾದರೆ ವಸ್ತು ಅಲರ್ಜಿಕಾರಕ. ಹಾಗೆ ಮೂರು ಪಟ್ಟಾಗಲು ದ್ರಾವಣದಲ್ಲಿ ವಸ್ತು ಶೇಕಡಾ ಎಷ್ಟಿರಬೇಕೆಂಬುದೇ ಅದರ ಬಲದ ಅಳತೆ. ಶೇಕಡಾ 0.1ಕ್ಕೂ ಕಡಿಮೆ ಸಾಕಾದರೆ ಅತಿಪ್ರಬಲ. 10ಕ್ಕಿಂತ ಹೆಚ್ಚು ಬೇಕಾದರೆ ದುರ್ಬಲ. ಲ್ಯಾಂಡ್‌ಸ್ಟೈನರ್ ಬಳಸಿದ ರಾಸಾಯನಿಕ ಮೊದಲ ಗುಂಪಿಗೆ ಸೇರಿತು. ನಮ್ಮ ಅಡುಗೆಮನೆಯ ದಾಲ್ಚಿನ್ನಿಯ ವಾಸನೆಯ ಮೂಲವಸ್ತುವಿಗೆ ಸುಮಾರು 3, ಲವಂಗದ ಯೂಜಿನಾಲ್‌ಗೆ ಸುಮಾರು 13 ಎಂದು ಬಂದಿತು. ಎಂದರೆ ದಾಲ್ಚಿನ್ನಿ ಮಧ್ಯಮ, ಲವಂಗ ದುರ್ಬಲ. ಪ್ರಾಣಿಗಳ ಸಂಖ್ಯೆಯೂ ನೋವೂ ಕಡಿಮೆಯಾದವು, ಕಣ್ಣಳತೆ ಹೋಗಿ ಸಂಖ್ಯೆ ಬಂದಿತು. 2002ರಲ್ಲಿ ಈ ವಿಧಾನಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಆದರೂ ಇಲಿ ಮನುಷ್ಯನಲ್ಲ. ಸಾಬೂನು ಪುಡಿಯಲ್ಲಿರುವ ಲಾರಿಲ್ ಸಲ್ಫೇಟ್ ಎಂಬ ನೊರೆವಸ್ತು ಬರಿಯ ಉರಿಕಾರಕ. ಇಲಿಯ ಪರೀಕ್ಷೆ ಅದನ್ನು ಅಲರ್ಜಿಕಾರಕವೆಂದು ತಪ್ಪಾಗಿ ಹೇಳುತ್ತದೆ. ಇದಕ್ಕಿಂತ ಮುಖ್ಯವಾದುದು ನಿಕ್ಕಲ್ ಲೋಹದ ಕಥೆ. ಅಗ್ಗದ ಓಲೆ, ಬಳೆ, ಪಿನ್ನು, ಸೊಂಟಪಟ್ಟಿಯ ಕೊಕ್ಕೆ, ಇವುಗಳಲ್ಲಿರುವ ನಿಕ್ಕಲ್ ಹೆಂಗಸರಲ್ಲಿ ಅತಿ ಸಾಮಾನ್ಯವಾದ ಚರ್ಮದ ಅಲರ್ಜಿಗೆ ಕಾರಣ. ಇಲಿಯ ಪರೀಕ್ಷೆಯಲ್ಲಿ ಅದು ನಿರಪರಾಧಿಯಂತೆ ತಪ್ಪಿಸಿಕೊಂಡಿತು! ಇದೇಕೆಂಬುದನ್ನು 2010ರಲ್ಲಿ ಜರ್ಮನಿಯ ವಿಜ್ಞಾನಿಗಳು ಬಿಡಿಸಿದರು. ಮನುಷ್ಯನ ಕಣಗಳ ಮೇಲಿನ ಒಂದು ಗ್ರಾಹಕ ಪ್ರೋಟೀನಿನಲ್ಲಿ ನಿಕ್ಕಲ್ ಅಂಟಿಕೊಳ್ಳಲು ಅನುಕೂಲವಾದ ಎಡೆಯುಂಟು. ಇಲಿಯ ಅದೇ ಪ್ರೋಟೀನಿನಲ್ಲಿ ಆ ಎಡೆಯಿಲ್ಲ. ಗಂಟೆ ಬಾರಿಸುವ ಹಗ್ಗವೇ ಇಲ್ಲದ ಮನೆಯಲ್ಲಿ ಗಂಟೆಯ ಸದ್ದಿಗೆ ಕಾದಂತಾಗಿತ್ತು.

ಹಾಗಾದರೆ ‘ದುರ್ಬಲ’ ಎಂಬ ಶಬ್ದವನ್ನು ಎಚ್ಚರದಿಂದ ಬಳಸಬೇಕು. ಪ್ರಯೋಗಶಾಲೆಯಲ್ಲಿ ದುರ್ಬಲವಾದದ್ದು ಊರಿನಲ್ಲಿ ದುರ್ಬಲವಾಗಿರಬೇಕೆಂಬ ನಿಯಮವಿಲ್ಲ. ಎಷ್ಟು ಜನ ಬಳಸುತ್ತಾರೆ, ಎಷ್ಟು ವರ್ಷ ಬಳಸುತ್ತಾರೆ, ಬಳಸುವ ಚರ್ಮ ಬಿರಿದಿದೆಯೋ ಒದ್ದೆಯೋ ಎಂಬ ಮೂರು ಸಂಗತಿಗಳು ಸೇರಿ ಅದರ ಬಲವನ್ನು ಹೆಚ್ಚಿಸುತ್ತವೆ. ಗಾರೆಕೆಲಸದವರನ್ನು ನೋಡಿ. ಒದ್ದೆ ಸಿಮೆಂಟು ಮೊದಲು ಕ್ಷಾರದಿಂದ ಚರ್ಮವನ್ನು ಬಿರಿಸುತ್ತದೆ. ಆ ಬಿರುಕಿನಲ್ಲಿ ಅದರೊಳಗಿನ ಅತ್ಯಲ್ಪ ಕ್ರೋಮಿಯಂ ಲವಣ ಇಳಿದು ಅಲರ್ಜಿಯನ್ನು ಹುಟ್ಟಿಸುತ್ತದೆ. ಡೆನ್ಮಾರ್ಕ್ ದೇಶ 1980ರ ದಶಕದಲ್ಲಿ ಸಿಮೆಂಟಿಗೆ ಅಂಶಮಾತ್ರ ಫೆರಸ್ ಸಲ್ಫೇಟನ್ನು ಬೆರೆಸುವ ಏರ್ಪಾಡು ಮಾಡಿ ಈ ರೋಗವನ್ನು ತಗ್ಗಿಸಿತು. ಹಣೆಯ ಕುಂಕುಮವೂ ಹಾಗೆಯೇ. ಅರಿಶಿನಕ್ಕೆ ಸುಣ್ಣ ಮುಂತಾದ ಕ್ಷಾರ ಬೆರೆಸಿ ಮಾಡಿದ ಕುಂಕುಮ ಒಂದು. ಕೃತಕ ಬಣ್ಣ ಬೆರೆಸಿದ ಸಂತೆಯ ಕುಂಕುಮ ಇನ್ನೊಂದು. ಅಂಟಿಸುವ ಬಿಂದಿಯ ಗೋಂದಿನಲ್ಲಿರುವ ಒಂದು ರಾಸಾಯನಿಕ ಕೆಲವರ ಹಣೆಯಲ್ಲಿ ಬಿಳಿಯ ಮಚ್ಚೆಯನ್ನೇ ಉಳಿಸುತ್ತದೆ. ದಿನಕ್ಕೆ ಚಿಟಿಕೆಯಷ್ಟು, ಆದರೆ ನಲವತ್ತು ವರ್ಷ!

ಮೊಳಕಾಲ್ಮೂರಿನ ಸೀರೆಗಳ ಬಗ್ಗೆ ಓದುಗರಿಗೆ ಅಂಜಿಕೆ ಬೇಡ. ಬಟ್ಟೆಯ ಬಣ್ಣದಿಂದ ಬರುವ ಇಸಬಿನಲ್ಲಿ ಹೆಸರುವಾಸಿಯಾದವು ಪಾಲಿಯೆಸ್ಟರಿನಂಥ ಕೃತಕ ನೂಲಿಗೆ ಹಾಕುವ ಡಿಸ್ಪರ್ಸ್ ಬಣ್ಣಗಳು. ಅವು ಬೆವರಿಗೆ ಸಡಿಲಿ ಚರ್ಮಕ್ಕೆ ಇಳಿಯುತ್ತವೆ. ರೇಷ್ಮೆಗೆ ಹಾಕುವ ಆಮ್ಲಬಣ್ಣಗಳು ನೂಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುವು. ಉಡುವವರಿಗಿಂತ ಎಚ್ಚರ ಬೇಕಾದದ್ದು ಪುಡಿಬಣ್ಣವನ್ನು ಬರಿಗೈಯಲ್ಲಿ ಕಲಸುವವರಿಗೆ.

ಇಷ್ಟೆಲ್ಲ ತಿಳಿವಳಿಕೆಗಾಗಿ ಎಷ್ಟು ಸಾಧುಪ್ರಾಣಿಗಳು ಬೆನ್ನು ಕೊಟ್ಟವು ಎಂಬ ಪ್ರಶ್ನೆಯನ್ನು ನಾವು ಮೊಳಕಾಲ್ಮೂರು ತಾಲ್ಲೂಕಿನವರು ಕೇಳದೆ ಬಿಡುವಂತಿಲ್ಲ. ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಸತ್ಯವಚನ, ಗುರುಗೌರವಗಳ ಜೊತೆಗೆ ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕೆಂಬ ಬೋಧೆಯೂ ಅದರಲ್ಲುಂಟು. ಇಪ್ಪತ್ತೆರಡು ಶತಮಾನಗಳ ಹಿಂದಿನ ಈ ಮಾತಿಗೆ ವಿಜ್ಞಾನ ತನ್ನದೇ ರೀತಿಯಲ್ಲಿ ಓಗೊಟ್ಟಿದೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ವಿದ್ವಾಂಸರು ಮೂರು ಸೂತ್ರಗಳನ್ನು ಹೇಳಿದರು: ಸಾಧ್ಯವಾದರೆ ಪ್ರಾಣಿಯ ಬದಲು ಬೇರೆ ಉಪಾಯ, ಇಲ್ಲವಾದರೆ ಕಡಿಮೆ ಸಂಖ್ಯೆ, ಅದೂ ಕಡಿಮೆ ನೋವಿನಲ್ಲಿ. ನಮ್ಮ ದೇಶದಲ್ಲಿ ಪ್ರಾಣಿಹಿಂಸಾ ನಿವಾರಣ ಕಾಯಿದೆ 1960ರಲ್ಲಿ ಬಂದಿತು. 2014ರಲ್ಲಿ ಭಾರತ ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಈಗ ವಸ್ತು ಪ್ರೋಟೀನಿಗೆ ಅಂಟುತ್ತದೆಯೇ ಎಂಬುದನ್ನು ಗಾಜಿನ ನಳಿಗೆಯಲ್ಲಿಯೂ, ಚರ್ಮದ ಕಣಗಳು ಎಚ್ಚರಗೊಳ್ಳುತ್ತವೆಯೇ ಎಂಬುದನ್ನು ಸಾಕಿದ ಮಾನವ ಕಣಗಳಲ್ಲಿಯೂ ನೋಡುತ್ತಾರೆ. ಇಂಥ ಎರಡು ಮೂರು ಪರೀಕ್ಷೆಗಳನ್ನು ಜೋಡಿಸಿ ತೀರ್ಪು ಹೇಳುವ ಕ್ರಮಕ್ಕೆ 2021ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆ ದೊರೆಯಿತು.

ಪ್ರಾಣಿಗಳಿಂದ ಬಂದ ಒಂದು ಆಶಾಕಿರಣವನ್ನೂ ಹೇಳಬೇಕು. 1946ರಲ್ಲಿ ಚೇಸ್, ರಾಸಾಯನಿಕವನ್ನು ಮೊದಲೇ ಗಿನಿಹಂದಿಗೆ ತಿನ್ನಿಸಿದರೆ ಮುಂದೆ ಅದರ ಚರ್ಮ ಅದಕ್ಕೆ ಮುನಿಯುವುದಿಲ್ಲವೆಂದು ಕಂಡನು. ಬಾಯಿಂದ ಹೋದದ್ದನ್ನು ಶರೀರ ಸ್ನೇಹಿತನೆಂದು ಬಗೆಯುತ್ತದೆ. ಇದೇ ಜಾಡಿನಲ್ಲಿ ನಮ್ಮ ಮಣಿಪಾಲದ ಚರ್ಮವೈದ್ಯರು ಕಾಂಗ್ರೆಸ್ ಗಿಡದ ಇಸಬಿನ ರೋಗಿಗಳಿಗೆ ಅದರ ಸಾರವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಬಾಯಿಯ ಮೂಲಕ ಕೊಟ್ಟು ನೋಡಿ 1988ರಲ್ಲಿ ವರದಿ ಮಾಡಿದರು. ಹಲವರಿಗೆ ಉಪಶಮನವಾಯಿತು, ಕೆಲವರಿಗೆ ರೋಗ ಉಲ್ಬಣಿಸಿತು. ಆದ್ದರಿಂದ ಇದು ವೈದ್ಯರ ಕೈಯಲ್ಲಿರತಕ್ಕ ಚಿಕಿತ್ಸೆ. ಮನೆಯಲ್ಲಿ ಎಲೆ ಅಗಿದು ನೋಡುವ ಸಾಹಸ ಸಲ್ಲದು.

ಈಗ ನಮ್ಮ ಕೈಯಲ್ಲಿರುವ ಕೆಲಸವೇನು? ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆಯೇ, ಮಳೆ ಬಂದು ನೆಲ ಮೆತ್ತಗಾದಾಗ ಬೇರುಸಹಿತ ಕೀಳಬೇಕು. ತುಂಬುತೋಳಿನ ಅಂಗಿ, ಕೈಗವಸು, ಮುಖಕ್ಕೆ ಬಟ್ಟೆ ಇರಲಿ. ಕೆಲಸ ಮುಗಿದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಇಸಬು ಇರುವವರನ್ನು ಈ ಕೆಲಸಕ್ಕೆ ಹಚ್ಚಬಾರದು; ಶ್ರಮದಾನವೆಂದು ಶಾಲೆಯ ಮಕ್ಕಳಿಂದ ಬರಿಗೈಯಲ್ಲಿ ಕೀಳಿಸುವ ಪದ್ಧತಿಯನ್ನಂತೂ ಬಿಡಲೇಬೇಕು. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮ ಎಂಬ ಜೀರುಂಡೆ ಮಳೆಗಾಲದಲ್ಲಿ ಈ ಗಿಡದ ಎಲೆಯನ್ನು ಮೇಯುತ್ತದೆ. ಎಲೆಯ ಮೇಲೆ ಕಂಡರೆ ಕೊಲ್ಲಬೇಡಿ. ಅದು ನಮ್ಮ ಕಡೆಯ ಸಿಪಾಯಿ.

ಕೂದಲಿಗೆ ಹಚ್ಚುವ ಕಪ್ಪುಬಣ್ಣದ ಪೊಟ್ಟಣದ ಮೇಲೆ, ಮೊದಲು ಸ್ವಲ್ಪ ಹಚ್ಚಿ ಪರೀಕ್ಷಿಸಿಕೊಳ್ಳಬೇಕೆಂಬ ಎಚ್ಚರಿಕೆ ಇರುತ್ತದೆ. ನಾವು ಅದನ್ನು ಓದುವುದಿಲ್ಲ. ಕಿವಿಯ ಹಿಂದೆ ಕಡಲೆಯಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ಕಾಯುವ ತಾಳ್ಮೆ ಮುಖವೆಲ್ಲ ಊದಿಕೊಳ್ಳುವ ಸಂಕಟವನ್ನು ತಪ್ಪಿಸಬಲ್ಲುದು. ಇಸಬು ಎದ್ದಾಗ ಅಂಗಡಿಯಿಂದ ಯಾವುದೋ ಮುಲಾಮು ತರುವ ಮುಂಚೆ, ಕಳೆದ ಮೂರು ದಿನಗಳಲ್ಲಿ ಆ ಜಾಗಕ್ಕೆ ಏನು ತಾಕಿತ್ತು ಎಂದು ನೆನೆದು ಬರೆದಿಟ್ಟುಕೊಳ್ಳಿ. ವೈದ್ಯರಿಗೆ ಆ ಚೀಟಿ ಔಷಧಿಯಷ್ಟೇ ಉಪಯುಕ್ತ. ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯನ್ನು ಅವರು ಸೂಚಿಸಿದರೆ ಅಂಜಬೇಕಾದದ್ದಿಲ್ಲ.

ಹೆಸರುಳ್ಳ ಕಾರ್ಖಾನೆಯ ಪದಾರ್ಥವಾದರೆ ಎಲ್ಲೋ ಒಂದು ಪ್ರಯೋಗಶಾಲೆ ಅದರ ದೋಷವನ್ನು ಹುಡುಕಿರುತ್ತದೆ. ಸಂತೆಯಲ್ಲಿ ತಕ್ಕಡಿಯಿಂದ ತೂಗಿ ಕೊಡುವ ಹೆಸರಿಲ್ಲದ ಬಣ್ಣ, ಕುಂಕುಮ, ಸುಗಂಧಗಳನ್ನು ಪರೀಕ್ಷಿಸಿದವರು ಯಾರು? ಅವುಗಳ ಮಟ್ಟಿಗೆ ಗಿನಿಹಂದಿಗಳು ನಾವೇ. ಬೋನಿನಲ್ಲಿದ್ದ ಪ್ರಾಣಿಗೆ ಬೇಡವೆನ್ನುವ ಬಾಯಿ ಇರಲಿಲ್ಲ, ನಮಗುಂಟು. “ಆಗಿಬರದು” ಎಂದು ಮೈ ಹೇಳಿದಾಗ ಅದನ್ನು ಕೇಳಿ, ಆ ವಸ್ತುವನ್ನು ಬಿಟ್ಟು, ಇತರರಿಗೂ ತಿಳಿಸುವುದು ನಮ್ಮ ಕರ್ತವ್ಯ.